ಸಕಾರ

ಅಂಟುವಾಳದ ಕಾಯಿ ನಾಲ್ಕು, ರಾತ್ರಿಯಿಡೀ ನೆನೆಸಿ
ನೊರೆಯನ್ನಷ್ಟೇ ಎತ್ತಿಕೊಂಡು, ಹಳೆಯ ಲುಂಗಿಯ ತುಂಡಿನಲ್ಲಿ
ಗೀರಿನ ಜಾಡಿನಗುಂಟ ಸುತ್ತ ಒರೆಸುತ್ತೇನೆ.
ಅಡ್ಡ ಒರೆಸಬಾರದು. ನಡುವಿನ ಚೀಟಿಗೆ ನೀರು ತಾಗಬಾರದು.
ಪಾತ್ರೆ ಸ್ಟ್ಯಾಂಡಿನಲ್ಲಿ ಒಣಗಲು ನಿಲ್ಲಿಸಿದ್ದ ಪ್ಲೇಟಿನಲ್ಲಿ
ಕರೆಂಟು ಹೋದಾಗ ಒಮ್ಮೆ ಶಂಶಾದ್ ರೊಟ್ಟಿ ಹಾಕಿ ತಂದಳು.
ಬೈಯಲಿಲ್ಲ. ತಿಂದೆ. ಮತ್ತೆ ತೊಳೆದೆ.

ಪೆನ್ಷನ್ ಮೊಹಲ್ಲಾದ ಈ ನಡುಮನೆಯಲ್ಲಿ
ಇನ್ನೂರ ಹನ್ನೊಂದು ಪ್ಲೇಟು.
ದಸ್ತಗೀರ್ ಸೌಂಡ್ ಸರ್ವಿಸ್ ಎಂದರೆ
ಆಲೂರಿನಿಂದ ಅರಕಲಗೂಡಿನ ತನಕ
ನಲವತ್ತೊಂದು ವರ್ಷ ನಾನೇ.
ಮದುವೆ, ನಾಮಕರಣ, ಉರೂಸು, ಪಂಚಾಯ್ತಿ ಎಲೆಕ್ಷನ್ನು,
ತೆಂಗಿನ ಮರ ಹತ್ತಿ ಹಾರ್ನು ಕಟ್ಟಿ
ಅದರ ಬಾಯಿಗೇ ಕಿವಿಯಿಟ್ಟು
ಬರ್ತಿದೆಯಾ ಅಂತ ನೋಡಿದವನು.

ಈಗ ಸೂಜಿ ಇಳಿಸಿದರೆ
ಯಾವ ಪ್ಲೇಟಿಗೂ ಗಾಯವಿಲ್ಲ.
ಚಟಪಟ ಇಲ್ಲ, ಕರಕರ ಇಲ್ಲ,
ನಿನ್ನೆ ಒತ್ತಿ ತಂದ ಹಾಗಿವೆ.
ಮಾಲು ಕಾಪಾಡಿದ್ದೇನೆ ಅಂತ ಬೀಗಿದೆ.

ಮೇಲ್ಮನೆ ಬಾಡಿಗೆಯ ಸುಮೇಧಾ
ಡಿ.ಎಡ್. ಓದುವ ಹುಡುಗಿ, ಶ್ರವಣಬೆಳಗೊಳದವಳು,
ಊರ ಹೆಸರಲ್ಲೇ ಕಿವಿ ಇಟ್ಟುಕೊಂಡವಳು,
ಹೆಡ್‌ಫೋನು ಹಾಕಿ ಮುಖ ಕಿವುಚಿದಳು:
"ಅಂಕಲ್, ಹಿಂದೆ ಯಾರೋ ಒಗ್ಗರಣೆ ಹಾಕ್ತಾನೇ ಇದಾರೆ."

ಪರದೆ ನನ್ನ ಕಡೆ ತಿರುಗಿಸಿದಳು.
ಹಾಡೆಂದರೆ ಒಂದು ಗುಡ್ಡದ ಸಾಲು,
ನೆತ್ತಿಯ ಮೇಲೆ ಅಲ್ಲಲ್ಲಿ ಜಾಲಿಮುಳ್ಳು.
ಒಂದು ಮುಳ್ಳಿಗೆ ಒಂದು ಚಟ್.
ಕಿವಿಗೆ ಬಾರದ್ದು ಕಣ್ಣಿಗೆ ಬಂತು.

ಯಂತ್ರಕ್ಕೆ ಮೊದಲು ಮೌನ ತೋರಿಸಬೇಕು,
ಹಾಡು ಶುರುವಾಗುವ ಮುಂಚಿನ ಎರಡು ಸೆಕೆಂಡು:
ಇದು ಗದ್ದಲ, ಗುರುತಿಟ್ಟುಕೋ.
ಆಮೇಲೆ ಅದು ಹಾಡಿನುದ್ದಕ್ಕೂ ಹೋಗಿ
ಗದ್ದಲದ ನೆಂಟರಿಷ್ಟರನ್ನೆಲ್ಲ ಹೊರಗೆ ತಳ್ಳುತ್ತದೆ.
ಎಷ್ಟು ತಳ್ಳಲಿ ಎಂದು ಕೇಳಿತು.
ಪೂರ್ತಿ, ಅಂದೆ.
ವಾಲ್ಯೂಮ್ ವಿಷಯದಲ್ಲೂ ನಾನು ಹಾಗೇ ಇದ್ದವನು.

ಬೆಳ್ಳಿಹುಳ ಚೀಟಿ ತಿಂದ ಪ್ಲೇಟು,
ಸೋಬಾನೆ ಹೇಳುವ ಹೆಂಗಸು, ಹೆಸರು ಹುಳದ ಹೊಟ್ಟೆಯಲ್ಲಿ.
ಸುಮೇಧಾ ಕೇಳಿದಳು, ನಕ್ಕಳು, ನಗು ನಿಲ್ಲಿಸಿದಳು.
"ಅಂಕಲ್, ಸಕಾರ ಎಲ್ಲಿ?"
ಸಂಜೆ ಅಂಜೆ ಆಗಿದೆಯಂತೆ.
ಸೊಸೆ ಬರೀ ಒಎ.
ಸಿರಿಯೆ ಬಾರೆ ಎಂದು ಹಸೆಗೆ ಕರೆದವಳು
ಇರಿಯೆ ಬಾರೆ ಎನ್ನುತ್ತಿದ್ದಾಳಂತೆ,
ಅದೂ ಮದುವೆ ಮನೆಯಲ್ಲಿ!

ಸ ಅನ್ನುವುದೂ ಹಲ್ಲಿನ ಸಂದಿಯ ಗಾಳಿ,
ಗೀರೂ ಗಾಳಿಯೇ, ಯಂತ್ರಕ್ಕೇನು ಗೊತ್ತು ಅಂದಳು.
"ನಿಮಗೂ ಗೊತ್ತಾಗ್ಲಿಲ್ವಾ?"
ನನಗೆ ಎರಡೂ ಒಂದೇ ಹಾಡಾಗಿತ್ತು.

ದೊಡ್ಡಾಸ್ಪತ್ರೆಯಲ್ಲಿ ಕಿವಿ ಅಳೆದು ಕಾಗದ ಕೊಟ್ಟರು.
ಎಡಗಡೆ ಸಮನಾಗಿ ಬಂದ ಗೆರೆ
ಬಲಕ್ಕೆ ಶಿರಾಡಿ ಘಾಟಿಯ ಹಾಗೆ ಇಳಿದುಬಿಟ್ಟಿದೆ.
ಬೆನ್ನ ಹಿಂದೆ ನಿಂತು ಆಕೆ ಒಂದು ಪದ ಹೇಳಿದಳು.
ಹಾಅನ, ಅಂದೆ.
"ನಿಮ್ಮೂರೇ ಕಣ್ರೀ."

ಎಷ್ಟು ವರ್ಷದಿಂದಲೋ
ಶಂಶಾದ್ ಕೂಡ ಅಂಆದ್.
ಕೂಗಿದಾಗ ಹಲ್ಲಿಗೆ ಗಾಳಿ ತಾಗುತ್ತದಲ್ಲ,
ಅದನ್ನೇ ಕೇಳಿದೆ ಅಂದುಕೊಂಡಿದ್ದೆ.

ಈಗ ಏಳು ಗಂಟೆಗೆ ಸುಮೇಧಾ ಇಳಿದು ಬರುತ್ತಾಳೆ.
ಮುಳ್ಳು ನಾನು ಕೀಳುತ್ತೇನೆ, ಒಂದೊಂದೇ, ಕಣ್ಣಳತೆಯಲ್ಲಿ.
ಅವಳು ಬೆರಳೆತ್ತಿದ ಕಡೆ ಕೈ ಬಿಡುತ್ತೇನೆ.
ಒಂದು ಪ್ಲೇಟಿಗೆ ಮೂರು ಸಂಜೆ.
ಏಪ್ರಿಲ್‌ಗೆ ಅವಳ ಪರೀಕ್ಷೆ, ಆಮೇಲೆ ರೂಮು ಖಾಲಿ.
ಲೆಕ್ಕ ನಾನು ಹಾಕಿಲ್ಲ.

ನಿನ್ನೆ, ಅಂದು ತಳ್ಳಿ ಹಾಕಿದ್ದೆವಲ್ಲ
ಅದನ್ನಷ್ಟೇ ಕೇಳೋಣ ಎಂದು ಗುಂಡಿ ಒತ್ತಿದಳು.
ಹಾಡಿಲ್ಲ. ನನಗೆ ಏನೂ ಇಲ್ಲ.
ಪರದೆಯ ಮೇಲೆ ಗೆರೆಗಳು ಮಾತ್ರ ಏಳುತ್ತ ಬೀಳುತ್ತ.
ಹಿಟ್ಟಿನ ಕೈಯಲ್ಲೇ ಶಂಶಾದ್ ಒಳಗಿನಿಂದ ಬಂದಳು,
ಬಾಗಿಲಲ್ಲಿ ನಿಂತು ಅತ್ತಿತ್ತ ನೋಡಿದಳು:
"ಯಾರದು, ಆಗಿಂದ ಶ್ ಶ್ ಅಂತ ಕರೀತಿರೋದು?"

ನಾನೇ, ಅಂದೆ.